ಸ್ವಂತ ದುಡಿಮೆಯವರಿಗೆ ಆರೋಗ್ಯ ವಿಮೆ: ಆರಿಸುವ ಮುನ್ನ

ಬಳ್ಳಾರಿ ಎಂದಾಗ ಕರಾವಳಿಯ ನಮಗೆ ಮೊದಲು ನೆನಪಾಗುವುದು ಗಣಿ. ಆದರೆ ಆ ನಗರದ ಸಾವಿರಾರು ಕುಟುಂಬಗಳಿಗೆ ಅನ್ನ ಕೊಡುತ್ತಿರುವುದು ಜೀನ್ಸ್ ಹೊಲಿಗೆ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಪೀಸ್ ಲೆಕ್ಕದಲ್ಲಿ ಹೊಲಿಯುವವರು, ಸಿರುಗುಪ್ಪದಲ್ಲಿ ಭತ್ತದ ವ್ಯಾಪಾರ ಮಾಡುವವರು, ಕುರುಗೋಡಿನಲ್ಲಿ ಚಿಕ್ಕ ಅಂಗಡಿ ಇಟ್ಟವರು - ಇವರಿಗೆಲ್ಲ ತಾವೇ ಮಾಲೀಕರು, ತಾವೇ ಕೆಲಸಗಾರರು. ಹಾಗಾಗಿ ಇಎಸ್‌ಐ ಸೌಲಭ್ಯವಿಲ್ಲ. ಕಾಯಿಲೆ ಬಿದ್ದರೆ ಆಸ್ಪತ್ರೆ ಬಿಲ್ಲು ಒಂದೆಡೆ, ನಿಂತುಹೋದ ದುಡಿಮೆ ಇನ್ನೊಂದೆಡೆ. ನಮ್ಮೂರಿನ ರಿಕ್ಷಾ ಚಾಲಕರು, ಟೈಲರುಗಳು, ಕ್ಯಾಟರಿಂಗ್‌ನವರ ಪರಿಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

'ಸರ್ಕಾರದ ಕಾರ್ಡ್ ಇದೆಯಲ್ಲ, ವಿಮೆ ಯಾಕೆ?' ಎಂದು ಕೇಳುವವರಿದ್ದಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕಾದರೋ ನಿಗದಿತ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. 1 ಲಕ್ಷದ ಚಿಕಿತ್ಸೆಗೆ 70 ಸಾವಿರ ಕೈಯಿಂದಲೇ ಹೋಗಬೇಕು. ಬಡವನೆಂಬ ಕಾರ್ಡೂ ಇಲ್ಲದ, ಸಂಬಳದವನೆಂಬ ಭದ್ರತೆಯೂ ಇಲ್ಲದ ಸ್ವಂತ ದುಡಿಮೆಗಾರ ನಡುವೆ ಸಿಕ್ಕಿಬೀಳುವುದು ಇಲ್ಲಿಯೇ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಒಂದು ದಾರಿ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022-23ರಲ್ಲಿ ಮರುಜೀವ ಪಡೆದ ಈ ಯೋಜನೆಯಲ್ಲಿ ಕಡಿಮೆ ಕಂತಿಗೆ 5 ಲಕ್ಷದವರೆಗೆ ಸೌಲಭ್ಯವಿದೆ. ನೋಂದಣಿಯ ಅವಧಿ ಮುಗಿಯುವ ಮೊದಲೇ ಸಂಘದಲ್ಲಿ ವಿಚಾರಿಸಬೇಕು.

ಇವೆರಡೂ ಸಾಲದಾದಾಗ ಖಾಸಗಿ ಪಾಲಿಸಿ. ಅದರ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಆದರೆ ಕಂತು ಕಡಿಮೆ ಎಂಬ ಒಂದೇ ಕಾರಣಕ್ಕೆ ಸಹಿ ಹಾಕುವುದು ಜಾಣತನವಲ್ಲ. ಕೋಣೆ ಬಾಡಿಗೆಗೆ ದಿನಕ್ಕೆ 4,000 ರೂಪಾಯಿ ಮಿತಿ ಇದ್ದು ನಾವು 8,000ದ ಕೋಣೆ ಹಿಡಿದರೆ, ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ ಮುಂತಾದ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. 2020ರಲ್ಲಿ ಬಂದ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ ಪ್ರತಿ ಕ್ಲೇಮಿನ ಶೇ. 5 ನಮ್ಮದೇ ಪಾಲು. ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿ ದೂರದ ಬೆಂಗಳೂರಿನ ಆಸ್ಪತ್ರೆಗಳಷ್ಟೇ ಇದ್ದರೆ ಸಿರುಗುಪ್ಪದವರಿಗೆ ಏನು ಪ್ರಯೋಜನ? ಬಳ್ಳಾರಿಯ ಯಾವ ಆಸ್ಪತ್ರೆ ಇದೆ ಎಂದು ಮೊದಲು ಕೇಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಸತ್ಯ ಹೇಳುವುದು. ಬಿಪಿ, ಶುಗರ್ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು. ಹೇಳಿದರೆ, 2024ರ ಏಪ್ರಿಲ್‌ನ ನಿಯಮದಂತೆ ಹೊಸ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ ಕಾಯಬೇಕು, ಅಷ್ಟೇ. ಆದ್ದರಿಂದ ಏಜೆಂಟರು ತುಂಬಿದ ಅರ್ಜಿಯನ್ನು ನಾವೇ ಓದಿ ಸಹಿ ಹಾಕೋಣ. ನವೀಕರಣದ ದಿನ ತಪ್ಪಿ ಪಾಲಿಸಿ ನಿಂತುಹೋದರೆ ಕಾದ ವರ್ಷಗಳೆಲ್ಲ ವ್ಯರ್ಥ.

ಮದುವೆಗೆ, ಹಬ್ಬಕ್ಕೆ ತಿಂಗಳು ತಿಂಗಳು ಚೀಟಿ ಕಟ್ಟುವ ಅಭ್ಯಾಸ ನಮ್ಮ ಜನರಿಗಿದೆ. ವಿಮೆಯ ಕಂತಿಗೂ ಹಾಗೆಯೇ ಕೂಡಿಡಬಹುದಲ್ಲವೇ? ವಿಮೆ ಕೊಡುವುದು ಬಿಲ್ಲಿನ ಹಣ; ಮಿಷನ್ ನಿಂತ ದಿನಗಳ ಮನೆಖರ್ಚಿಗೆ ಬೇರೆಯಾಗಿ ಸ್ವಲ್ಪ ತೆಗೆದಿಡಬೇಕು. ಎರಡನ್ನೂ ಆರೋಗ್ಯ ಇರುವಾಗಲೇ ಮಾಡಬೇಕು. ಆಸ್ಪತ್ರೆ ಮಂಚದ ಮೇಲೆ ಮಲಗಿದಾಗ ಯಾವ ಕಂಪೆನಿಯೂ ಹೊಸ ಪಾಲಿಸಿ ಕೊಡುವುದಿಲ್ಲ.