ಅಡಿಕೆ ಸುಲಿಯುವ ಕೈಗೆ ರೇಡಿಯೋ ನಗೆನಾಟಕವೇ ಸರಿ

ಚನ್ನಗಿರಿ ಕಡೆ ಅಡಿಕೆ ಸುಲಿಯುವ ಮನೆಗೆ ಹೋಗಿ ನೋಡಿ. ಎರಡೂ ಕೈಗೆ ಕೆಲಸ, ಕಣ್ಣು ಕತ್ತಿಯ ಮೇಲೆ. ಬಿಡುವಿರುವುದು ಕಿವಿಗೆ ಮಾತ್ರ. ಮೊಬೈಲಿನಲ್ಲಿ ಕಾಮಿಡಿ ರೀಲ್ಸ್ ನೋಡಲು ಹೋದರೆ ಬೆರಳೇ ಹೋದೀತು! ಜಗಳೂರಿನಲ್ಲಿ ಶೇಂಗಾ ಬಿಡಿಸುವವರಿಗೂ ಅಷ್ಟೇ, ಕೈಗೆ ಪುರುಸೊತ್ತಿಲ್ಲ.

ರೇಡಿಯೋ ನಗೆನಾಟಕ ಇಂಥವರಿಗೆ ಹೇಳಿ ಮಾಡಿಸಿದ್ದು. ಅದೇ ಮನೆ, ಅದೇ ಜನ, ಪ್ರತಿ ಸಲ ಹೊಸ ಫಜೀತಿ. ಬ್ರಿಟನ್ನಿನ ಬಿಬಿಸಿ 1954ರಲ್ಲಿ ಶುರು ಮಾಡಿದ ‘ಹ್ಯಾನ್‌ಕಾಕ್ಸ್ ಹಾಫ್ ಅವರ್’ ಒಬ್ಬ ಗೊಣಗಪ್ಪನ ಪೇಚಾಟವಷ್ಟೇ. ವಿವಿಧ ಭಾರತಿಯ ‘ಹವಾಮಹಲ್’ ಕಾಲು ಗಂಟೆಯಲ್ಲಿ ಕಥೆ ಮುಗಿಸುತ್ತಿತ್ತು. ನಮ್ಮಲ್ಲಿ ಎ.ಎಸ್. ಮೂರ್ತಿಯವರು ಬೆಂಗಳೂರು ಆಕಾಶವಾಣಿಯಲ್ಲಿ ‘ಈರಣ್ಣ’ನಾಗಿ ಮಾತಾಡಿದರು, ಕೊನೆಗೆ ಜನ ಅವರನ್ನೇ ‘ಆಕಾಶವಾಣಿ ಈರಣ್ಣ’ ಎಂದು ಕರೆದರು. ಮುಖ ಕಾಣದ್ದೇ ಇದರ ಸೊಗಸು. ಕೇಳುವವರು ತಮ್ಮ ಓಣಿಯ ಯಾರದೋ ಮುಖ ಹಚ್ಚಿಕೊಳ್ಳುತ್ತಾರೆ.

ಹೊನ್ನಾಳಿ, ನ್ಯಾಮತಿಗೆ ಹತ್ತಿರದ ಭದ್ರಾವತಿ ಆಕಾಶವಾಣಿ 1965ರಿಂದ ಇದೆ. ಅಲ್ಲಿಂದ ನಮ್ಮ ಸೀಮೆಯ ಮಾತಿನಲ್ಲೇ ವಾರವಾರ ಹದಿನೈದು ನಿಮಿಷದ ನಗೆನಾಟಕ ಬರಲಿ ಎಂಬುದು ನನ್ನ ಒತ್ತಾಯ. ಟಿವಿ ಕಾಮಿಡಿಯಲ್ಲಿ ಹಳ್ಳಿಯವನೆಂದರೆ ಬಹಳ ಸಲ ಪೆದ್ದನೇ. ನಾವೇ ಬರೆದು ಆಡಿದರೆ ಪೆದ್ದನೂ ನಮ್ಮವನೇ, ಜಾಣನೂ ನಮ್ಮವನೇ. ವಸ್ತುವಿಗೇನು ಬರ? ಬೋರ್‌ವೆಲ್ ಪಾಯಿಂಟ್ ತೋರಿಸುವವರು, ಗ್ರಾಮಸಭೆ, ಹೆಣ್ಣು ಸಿಗದ ರೈತನ ಮಗ... ಜಾತ್ರೆಗೆ ನಾಟಕ ಆಡುವ ಹುಡುಗರು ಊರೂರಲ್ಲೂ ಇದ್ದಾರೆ. ಅವರಿಗೆ ಒಂದು ಮೈಕು ಸಿಕ್ಕರೆ ಸಾಕು. ನೀವೂ ಒಂದು ಕಾರ್ಡು ಬರೆದು ಹಾಕಿ: ಕಾರ್ಯಕ್ರಮ ಮುಖ್ಯಸ್ಥರು, ಆಕಾಶವಾಣಿ, ಭದ್ರಾವತಿ.