ಇಂಬಳದ ಬಗ್ಗೆ ಹೇಳುವ ನಾವು ಉಣುಗಿನ ಬಗ್ಗೆ ಯಾಕೆ ಸುಮ್ಮನಿದ್ದೇವೆ?

ಮಳೆಗಾಲದಲ್ಲಿ ಕಿಗ್ಗದ ಸಿರಿಮನೆ ಜಲಪಾತ ನೋಡಲು ಬರುವ ಬೆಂಗಳೂರಿನವರಿಗೆ ನಾವು ಹೇಳುವ ಮೊದಲ ಮಾತು: "ಇಂಬಳ ಇದೆ, ಹುಷಾರು." ಕೈಗೆ ಉಪ್ಪನ್ನೂ ಕೊಟ್ಟು ಕಳಿಸುತ್ತೇವೆ. ಇಂಬಳ ಕಚ್ಚಿದರೆ ಒಂದಿಷ್ಟು ರಕ್ತ ಹೋಗುತ್ತದೆ, ಅಷ್ಟೇ. ಆದರೆ ಬೇಸಿಗೆಯಲ್ಲಿ ಅದೇ ಕಾಡು ಹತ್ತುವವರಿಗೆ ಉಣುಗಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಕೊಪ್ಪ, ಶೃಂಗೇರಿ, ಎನ್.ಆರ್.ಪುರಕ್ಕೆ ಈಗ ಅದು ಹೊಸದಲ್ಲ. 2024ರಲ್ಲಿ ನಮ್ಮ ಜಿಲ್ಲೆಯಲ್ಲೂ ಜೀವ ಹೋಯಿತು. ದರಗು ಗುಡಿಸಲು, ಸೌದೆ ತರಲು ಹೋದವರಿಗೆ ಕಚ್ಚುವ ಉಣುಗು ಟ್ರೆಕ್ಕಿಂಗ್ ಶೂ ಹಾಕಿದವರನ್ನು ಬಿಟ್ಟೀತೇ? ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ 3ರಿಂದ 8 ದಿನ ಬೇಕು. ಅಷ್ಟರಲ್ಲಿ ನಮ್ಮ ಅತಿಥಿ ಊರು ಸೇರಿರುತ್ತಾರೆ. "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂದು ಅಲ್ಲಿನ ಡಾಕ್ಟರಿಗೆ ಹೇಳಬೇಕೆಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಹೋಂಸ್ಟೇ ನಡೆಸುವವರ ಕಷ್ಟ ನನಗೂ ಗೊತ್ತು. ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಹೋದ ಮೇಲೆ ಎಷ್ಟೋ ಮನೆಗಳಿಗೆ ಅದೇ ಆಧಾರ. "ಕಾಯಿಲೆ ಸುದ್ದಿ ಬರೆದ್ರೆ ಬುಕಿಂಗ್ ನಿಲ್ಲುತ್ತೆ ಮಾರಾಯ" ಅಂತ ಪರಿಚಯದವರೊಬ್ಬರು ಬೇಜಾರು ಮಾಡಿಕೊಂಡಿದ್ದರು. ಆದರೆ ಅತಿಥಿಯೊಬ್ಬರು ಕಾಯಿಲೆ ಹೊತ್ತು ಹೋದರೆ ನಿಲ್ಲುವುದು ಒಬ್ಬರ ಬುಕಿಂಗ್ ಅಲ್ಲ, ಮೂರೂ ತಾಲ್ಲೂಕಿನದು.

ತೋರಿಸಲು ನಮ್ಮಲ್ಲಿ ಕಾಡೊಂದೇ ಇರುವುದೇ? ವಿದ್ಯಾಶಂಕರ ದೇವಾಲಯದ 12 ರಾಶಿ ಕಂಬಗಳನ್ನು ಬಿಡಿಸಿ ಹೇಳುವವರಿದ್ದರೆ ಅರ್ಧ ದಿನ ಬೇಕು. ಎನ್.ಆರ್.ಪುರದ ಸಿಂಹನಗದ್ದೆ ಬಸದಿ ಇದೆ, ಕಿಗ್ಗದ ಋಷ್ಯಶೃಂಗ ದೇವಸ್ಥಾನ ಇದೆ. ರಾತ್ರಿ ಯಕ್ಷಗಾನ ಮೇಳಗಳ ತಿರುಗಾಟವೂ ಬೇಸಿಗೆಯಲ್ಲೇ. ಡಿಸೆಂಬರಿನಿಂದ ಮೇವರೆಗೆ ಇವನ್ನು ತೋರಿಸೋಣ. ಕಾಡಿನ ನಡಿಗೆ ಮಳೆ ಬಿಟ್ಟ ಅಕ್ಟೋಬರ್, ನವೆಂಬರಿಗೆ ಇರಲಿ; ಆಗ ಜಲಪಾತದಲ್ಲೂ ನೀರಿರುತ್ತದೆ.

ಬೇಸಿಗೆಯಲ್ಲೂ ಕಾಡಿಗೆ ಹೋಗಲೇಬೇಕು ಎನ್ನುವವರಿಗೆ ತುಂಬು ತೋಳಿನ ಅಂಗಿ, ಮೈಗೆ ಡೇಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ ಎಂದು ಹೇಳಿ. ಮಂಗ ಸತ್ತು ಬಿದ್ದ ಜಾಗದ ಹತ್ತಿರ ಬಿಡಲೇಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೊರಡುವಾಗ ಒಂದು ಮಾತು: "ಹತ್ತು ದಿನದೊಳಗೆ ಜ್ವರ ಬಂದರೆ ಇಲ್ಲಿಗೆ ಬಂದಿದ್ದನ್ನು ಡಾಕ್ಟರಿಗೆ ಹೇಳಿ, ನಮಗೂ ಫೋನ್ ಮಾಡಿ."

ಉಪ್ಪು ಕೊಟ್ಟು ಕಳಿಸುವ ನಮಗೆ ಇದೇನು ಭಾರವೇ?