ಕಿರುಗಣಕಗಳ ತಾರತಮ್ಯ ವಿವೇಚನೆ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬುದು ನಮ್ಮ ನಾಡಿನ ಗಾದೆ. ಅಂಗೈಯಗಲದ ಪೆಟ್ಟಿಗೆಯೊಳಗೆ ಅಡಗಿರುವ ಇಂದಿನ ಗಣಕಯಂತ್ರಗಳನ್ನು ನೋಡಿದಾಗ ಈ ಮಾತು ಸ್ಮರಣೆಗೆ ಬಾರದಿರದು. ಮನೆಯ ಮಕ್ಕಳ ವ್ಯಾಸಂಗಕ್ಕೆ, ಅಂಗಡಿಯ ಲೆಕ್ಕಪತ್ರಕ್ಕೆ, ಹಿರಿಯರ ಬರವಣಿಗೆಗೆ ಇಂಥದೊಂದನ್ನು ಕೊಳ್ಳಬೇಕೆನ್ನುವ ಸದ್ಗೃಹಸ್ಥರು ಅನೇಕರು. ಆದರೆ ಪ್ರತಿಯೊಬ್ಬ ತಯಾರಕನೂ ತನ್ನದೇ ಶ್ರೇಷ್ಠವೆಂದು ಸಾರುತ್ತಿರುವಾಗ ಯಾವುದನ್ನು ಆರಿಸಬೇಕು? ಈ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ.

ಕಿರುಗಣಕಗಳ ಚರಿತ್ರೆಯಲ್ಲಿ ಮೊದಲು ಹೇಳಬೇಕಾದುದು ಆಪಲ್ ಸಂಸ್ಥೆಯ ಮ್ಯಾಕ್ ಮಿನಿ. 2005ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಇದನ್ನು ಲೋಕಕ್ಕೆ ಪರಿಚಯಿಸಿದರು. ಆಗ ಅದರ ಆರಂಭದ ಬೆಲೆ 499 ಡಾಲರ್. ಪರದೆ, ಕೀಲಿಮಣೆ, ಮೌಸ್‌ಗಳನ್ನು ಕೊಳ್ಳುವವನೇ ಒದಗಿಸಿಕೊಳ್ಳಬೇಕೆಂಬುದು ಅದರ ನಿಯಮವಾಗಿತ್ತು. ಸುಮಾರು 16.5 ಸೆಂಟಿಮೀಟರ್ ಚೌಕದ ಆ ಪೆಟ್ಟಿಗೆ 2024ರ ಎಂ-4 ಮಾದರಿಯಲ್ಲಿ 12.7 ಸೆಂಟಿಮೀಟರಿಗೆ ಇಳಿಯಿತು.

ಇಂಟೆಲ್ ಸಂಸ್ಥೆಯ ಮಾರ್ಗ ಬೇರೆ. 2012-13ರ ವೇಳೆಗೆ ಅದು ಹೊರತಂದ ‘ನಕ್’ ಎಂಬ ಯಂತ್ರದ ಒಳಫಲಕ ಸುಮಾರು ಹತ್ತು ಸೆಂಟಿಮೀಟರ್ ಚೌಕದ್ದು. ಅದರಲ್ಲಿ ಹೆಚ್ಚಿನವು ಸ್ಮೃತಿಕೋಶ, ಸಂಗ್ರಹಕೋಶ ಹಾಗೂ ಕಾರ್ಯಾಚರಣ ವ್ಯವಸ್ಥೆ ಇಲ್ಲದೆ ಬರಿಯ ಚೌಕಟ್ಟಾಗಿ ಮಾರಾಟವಾಗುತ್ತಿದ್ದವು. ಕೊಂಡವನು ತನ್ನ ಶಕ್ತ್ಯನುಸಾರ ಅವುಗಳನ್ನು ಜೋಡಿಸಿಕೊಳ್ಳಬಹುದಾಗಿತ್ತು. ಇದೇ ಕಾಲದಲ್ಲಿ ಲೆನೊವೊ ‘ಟೈನಿ’ ಎಂಬ, ಒಂದು ಲೀಟರ್ ಗಾತ್ರದ ಕಚೇರಿ ಗಣಕಗಳನ್ನು ತಂದಿತು. ಡೆಲ್ ಮತ್ತು ಎಚ್‌ಪಿ ಸಂಸ್ಥೆಗಳೂ ಅದೇ ಜಾಡಿನಲ್ಲಿ ನಡೆದವು.

ಇನ್ನು ಬ್ರಿಟನ್ನಿನ ರಾಸ್ಪ್‌ಬೆರಿ ಪೈ. ಕೇಂಬ್ರಿಡ್ಜಿನಲ್ಲಿ ಗಣಕವಿಜ್ಞಾನ ಕಲಿಯಲು ಬರುವ ವಿದ್ಯಾರ್ಥಿಗಳ ಸಂಖ್ಯೆ ಮತ್ತು ಪೂರ್ವಸಿದ್ಧತೆ ಎರಡೂ ಕುಗ್ಗುತ್ತಿರುವುದನ್ನು ಕಂಡ ಎಬೆನ್ ಅಪ್ಟನ್ ಮತ್ತು ಸಂಗಡಿಗರು, ಮಕ್ಕಳು ಧೈರ್ಯವಾಗಿ ಕೈಯಾಡಿಸಬಹುದಾದ ಅಗ್ಗದ ಗಣಕವೊಂದು ಬೇಕೆಂದು ಸಂಕಲ್ಪಿಸಿದರು. 2012ರಲ್ಲಿ 35 ಡಾಲರಿಗೆ ಅದು ದೊರೆಯಿತು. 2020ರಲ್ಲಿ ಬಂದ ‘ಪೈ 400’ ಮಾದರಿಯಲ್ಲಂತೂ ಇಡೀ ಗಣಕವೇ ಕೀಲಿಮಣೆಯೊಳಗೆ ಸೇರಿತು.

ಈಗ ತಾರತಮ್ಯದ ವಿಚಾರ. ವೇಗವನ್ನೊಂದೇ ಅಳೆದು ತೀರ್ಮಾನಿಸುವುದು ಯುಕ್ತವಲ್ಲ. ಗೃಹಸ್ಥನಿಗೆ ಮುಖ್ಯವಾದುದು, ಇಂದು ಕೊಂಡದ್ದನ್ನು ನಾಳೆ ಬೆಳೆಸಿಕೊಳ್ಳಲು ಸಾಧ್ಯವೇ ಎಂಬುದು. ಮ್ಯಾಕ್ ಮಿನಿಯ 2014ರ ಮಾದರಿಯಲ್ಲಿ ಸ್ಮೃತಿಕೋಶವನ್ನು ಫಲಕಕ್ಕೆ ಬೆಸೆದುಬಿಟ್ಟಿದ್ದರು. 2018ರ ಮಾದರಿಯಲ್ಲಿ ಅದನ್ನು ಬದಲಿಸುವುದು ಕಷ್ಟಸಾಧ್ಯವಾದರೂ ಸಾಧ್ಯವಾಗಿತ್ತು. 2020ರಲ್ಲಿ ಎಂ-1 ಬಂದಮೇಲೆ ಸ್ಮೃತಿಯೂ ಸಂಸ್ಕಾರಕವೂ ಒಂದೇ ಸಂಪುಟದಲ್ಲಿ ಸೇರಿದವು. ಇದಕ್ಕೆ ಕಾರಣವಿಲ್ಲದಿಲ್ಲ: ಇವೆರಡರ ನಡುವಣ ದೂರ ಕಡಿಮೆಯಾದಷ್ಟೂ ಮಾಹಿತಿ ಬೇಗ ಹರಿಯುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಆದರೆ ಫಲಿತಾಂಶವೇನೆಂದರೆ, ಕೊಳ್ಳುವ ದಿನ ಆರಿಸಿದ ಸ್ಮೃತಿಯೇ ಕಡೆಯವರೆಗಿನ ಸ್ಮೃತಿ. 2024ರ ಮಾದರಿ 16 ಗಿಗಾಬೈಟಿನಿಂದ ಆರಂಭವಾಗಿ, ಮತ್ತೆ 8 ಗಿಗಾಬೈಟಿಗೆ ಅಮೆರಿಕದಲ್ಲಿ 200 ಡಾಲರ್ ಹೆಚ್ಚಿಗೆ ಕೇಳಿತು. ಟೈನಿ, ನಕ್ ಮೊದಲಾದವುಗಳಲ್ಲಿ ಹೆಚ್ಚಿನ ಮಾದರಿಗಳು ಇದಕ್ಕೆ ಹೊರತು. ತಿರುಪು ಬಿಚ್ಚಿ ಸ್ಮೃತಿಯನ್ನೂ ಸಂಗ್ರಹವನ್ನೂ ಕಾಲಕ್ರಮದಲ್ಲಿ ಹೆಚ್ಚಿಸಿಕೊಳ್ಳಬಹುದು. ಅಲ್ಪಸ್ವಲ್ಪವಾಗಿ ಹಣ ಕೂಡಿಸುವ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಎರಡನೆಯದು, ಮಾಡಬೇಕಾದ ಕಾರ್ಯ. ವ್ಯಾಪಾರಿಗಳ ಬಳಕೆಯ ಟ್ಯಾಲಿ ತಂತ್ರಾಂಶ ವಿಂಡೋಸ್‌ಗಾಗಿ ರಚಿತವಾದುದು. ಅದು ಅನಿವಾರ್ಯವಾಗಿರುವವರು ಮ್ಯಾಕ್ ಅಥವಾ ಪೈ ಕೊಂಡು ಪರದಾಡುವುದು ಬೇಡ. ಕನ್ನಡದ ಟಂಕನವಾದರೋ ಯುನಿಕೋಡ್ ಕೃಪೆಯಿಂದ ಈ ಮೂರರಲ್ಲಿಯೂ ನಡೆಯುತ್ತದೆ. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ಓದಬಹುದು. ಆದರೆ ಹಳೆಯ ಯುನಿಕೋಡೇತರ ಅಕ್ಷರವಿನ್ಯಾಸದ ಕಡತಗಳಿದ್ದರೆ, ಹಳೆಯ ಯಂತ್ರವನ್ನು ಬಿಡುವ ಮುನ್ನವೇ ಅವನ್ನು ಪರಿವರ್ತಿಸಿಕೊಳ್ಳತಕ್ಕದ್ದು. ಇಲ್ಲವಾದರೆ ವರ್ಷಗಳ ಬರವಣಿಗೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡೀತು.

ಮೂರನೆಯದು, ಉಷ್ಣ. ಚಿಕ್ಕ ಪೆಟ್ಟಿಗೆಯೊಳಗೆ ಶಾಖ ಬೇಗ ಸೇರುತ್ತದೆ, ಗಾಳಿಯಾಡುವ ಕಿಂಡಿಗಳೂ ಕಿರಿದು. ಮ್ಯಾಕ್ ಮಿನಿಗೆ ತಯಾರಕರು ಹೇಳಿರುವ ಪರಿಸರದ ಉಷ್ಣಾಂಶ 10ರಿಂದ 35 ಡಿಗ್ರಿ. ಕಲಬುರಗಿ, ರಾಯಚೂರುಗಳ ಬೇಸಿಗೆ 40ನ್ನು ಮೀರುವುದು ಎಲ್ಲರಿಗೂ ತಿಳಿದದ್ದೇ. ಆದುದರಿಂದ ಯಾವ ಸಂಸ್ಥೆಯದಾದರೂ ಸರಿ, ಮುಚ್ಚಿದ ಕಪಾಟಿನಲ್ಲಿಡದೆ, ಬಿಸಿಲು ಬೀಳದೆಡೆ ಇರಿಸಿ, ಧೂಳನ್ನು ಆಗಾಗ ತೆಗೆಯಬೇಕು. ಇವುಗಳೊಳಗೆ ಬ್ಯಾಟರಿ ಇಲ್ಲವಾದ್ದರಿಂದ ಯುಪಿಎಸ್ ಅಗತ್ಯ. ವಿದ್ಯುತ್ ಬಳಕೆ ಅಲ್ಪವಾದುದರಿಂದ ಚಿಕ್ಕ ಯುಪಿಎಸ್ ಸಾಕಾದೀತು. ಪೈ 5ಕ್ಕೆ ತಯಾರಕರು ಸೂಚಿಸುವ ವಿದ್ಯುತ್ ಪೂರೈಕೆ ಕೇವಲ 27 ವ್ಯಾಟಿನದು.

ನಾಲ್ಕನೆಯದು, ತಯಾರಕನ ಆಯುಷ್ಯ. 2023ರ ಜುಲೈನಲ್ಲಿ ಇಂಟೆಲ್ ನಕ್ ತಯಾರಿಕೆಯಿಂದ ಹಿಂದೆ ಸರಿಯಿತು. ಏಸುಸ್ ಸಂಸ್ಥೆ ಪರವಾನಗಿ ಪಡೆದು ಮುಂದುವರಿಸಿತು. ದೊಡ್ಡ ಹೆಸರೆಂದ ಮಾತ್ರಕ್ಕೆ ಶಾಶ್ವತವೆಂದು ಭಾವಿಸಲಾಗದು. ಕಚೇರಿಗಳು ಬಿಟ್ಟುಕೊಟ್ಟ ಹಳೆಯ ಕಿರುಗಣಕಗಳು ಅಗ್ಗವಾಗಿ ದೊರೆಯುತ್ತವೆ, ನಿಜ. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಸಂಸ್ಕಾರಕವು ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಇದನ್ನು ವಿಚಾರಿಸದೆ ಹಣ ಕೊಡಲಾಗದು.

ಒಟ್ಟಿನಲ್ಲಿ, ಚಿತ್ರ-ಸಂಗೀತಗಳ ಕೆಲಸವುಳ್ಳ, ಮೊದಲೇ ತಕ್ಕಷ್ಟು ವ್ಯಯಿಸಬಲ್ಲ ಮನೆಗೆ ಮ್ಯಾಕ್ ಮಿನಿ ಒಪ್ಪುತ್ತದೆ. ಲೆಕ್ಕಪತ್ರ, ಕಚೇರಿ ಕೆಲಸ, ದುರಸ್ತಿಯ ಸೌಲಭ್ಯ ಬಯಸುವವರಿಗೆ ಒಂದು ಲೀಟರಿನ ವಿಂಡೋಸ್ ಯಂತ್ರಗಳು ಯೋಗ್ಯ. ಯಂತ್ರದ ಒಳಗನ್ನೇ ಅರಿಯಬಯಸುವ ಬಾಲಕ ಬಾಲಕಿಯರಿಗೆ ಪೈ ಉತ್ತಮ ಗುರು. ಹಾಸಿಗೆ ಇದ್ದಷ್ಟು ಕಾಲು ಚಾಚಿ, ನಿಮ್ಮೂರಿನಲ್ಲಿ ಅದನ್ನು ರಿಪೇರಿ ಮಾಡುವವರು ಇದ್ದಾರೆಯೇ ಎಂದು ಮೊದಲು ಕೇಳಿ, ಅನಂತರ ಅಂಗಡಿಯ ಮೆಟ್ಟಿಲು ಹತ್ತುವುದು ಲೇಸು.